ಗೂಡಿಗೆ ಹರಾಜುಂಟು, ಬೆಟ್ಟದ ಚಿತ್ರಕ್ಕೇಕಿಲ್ಲ?

ದಿಬ್ಬೂರಹಳ್ಳಿಯ ಸುತ್ತಲಿನ ರೈತನು ತನ್ನ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದಾಗ ಅಲ್ಲಿ ಒಂದು ಕ್ರಮವಿರುತ್ತದೆ. ಗೂಡು ಬಹಿರಂಗ ಹರಾಜಿಗೆ ಬರುತ್ತದೆ, ರೀಲರುಗಳು ಪೈಪೋಟಿಯಲ್ಲಿ ಬೆಲೆ ಕಟ್ಟುತ್ತಾರೆ, ತೂಕವಾಗುತ್ತದೆ, ಚೀಟಿ ಕೈಗೆ ಬರುತ್ತದೆ. ಬೆಲೆ ಕುಸಿದ ದಿನ ರೈತನು ಸಿಟ್ಟಾಗಬಹುದು, ರಸ್ತೆ ತಡೆಯಬಹುದು; ಆದರೆ ತನ್ನ ಸರಕಿಗೆ ಬೆಲೆಯೇ ಇಲ್ಲವೆಂದು ಯಾರೂ ಅವನಿಗೆ ಹೇಳಲಾರರು. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಿಸಲು 1959ರಷ್ಟು ಹಿಂದೆಯೇ ರಾಜ್ಯವು ಕಾಯ್ದೆ ಮಾಡಿದ್ದರ ಹಿಂದಿನ ತತ್ವವೂ ಇದೇ: ಹಳ್ಳಿಯಿಂದ ಹೊರಹೋಗುವ ಸರಕು ಕತ್ತಲಲ್ಲಿ ಕೈಬದಲಾಗಬಾರದು.

ಅದೇ ಹಳ್ಳಿಗಳಿಂದ, ಅದೇ ಕಲ್ಲುಬೆಟ್ಟಗಳಿಂದ ಇಂದು ಇನ್ನೊಂದು ಸರಕು ಹೊರಹೋಗುತ್ತಿದೆ. ಅದಕ್ಕೆ ತೂಕವಿಲ್ಲ, ಹರಾಜಿಲ್ಲ, ಚೀಟಿಯೂ ಇಲ್ಲ. ಅದು ಬೆಟ್ಟದ ಚಿತ್ರ. ಮುಂಜಾನೆಯ ಮಂಜು, ಕೋಟೆಯ ಗೋಡೆ, ಕೆರೆಯ ಏರಿ, ಒಲೆಯ ಮುಂದೆ ಕುಳಿತ ಅಜ್ಜಿಯ ಮುಖ ಇವೆಲ್ಲವೂ ಅರ್ಧ ಗಂಟೆಯ ಪ್ರವಾಸ ಕಾರ್ಯಕ್ರಮವಾಗಿ ಪರದೆಯನ್ನು ಸೇರುತ್ತವೆ. ಅದನ್ನು ತಯಾರಿಸುವವನು ಬಹುಪಾಲು ಯಾವ ವಾಹಿನಿಯ ನೌಕರನೂ ಅಲ್ಲ. ಸ್ವಂತ ಕ್ಯಾಮೆರಾ, ಸಾಲದ ಲೆನ್ಸು ಮತ್ತು ಬಾಡಿಗೆಯ ಕಾರನ್ನು ನಂಬಿ ಹೊರಟ ಸ್ವತಂತ್ರ ನಿರ್ಮಾಪಕ. ಈ ವೃತ್ತಿಯೀಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಾಲೇಜು ಹುಡುಗ ಹುಡುಗಿಯರ ಕನಸೂ ಆಗಿದೆ. ಕನಸು ಕಾಣುವುದು ತಪ್ಪಲ್ಲ. ಆದರೆ ಆ ವೃತ್ತಿ ಯಾರ ಬೆನ್ನ ಮೇಲೆ ನಿಂತಿದೆ ಎಂಬುದನ್ನು ತಿಳಿಯದೆ ಅದಕ್ಕೆ ಧುಮುಕುವುದು ತಪ್ಪು. ಅದನ್ನು ತಿಳಿದೂ ಬೆಟ್ಟದ ಜನ ಸುಮ್ಮನಿರುವುದು ಇನ್ನೂ ದೊಡ್ಡ ತಪ್ಪು.

ವೃತ್ತಿಯ ಲೆಕ್ಕಾಚಾರ

ಮೊದಲು ಹಣದ ಹಾದಿಯನ್ನು ನೋಡಬೇಕು. 1984ರಲ್ಲಿ 'ಹಮ್ ಲೋಗ್' ಧಾರಾವಾಹಿಯೊಂದಿಗೆ ದೂರದರ್ಶನದಲ್ಲಿ ಪ್ರಾಯೋಜಿತ ಧಾರಾವಾಹಿಗಳ ಯುಗ ಆರಂಭವಾಯಿತು. ಪ್ರಾಯೋಜಿತ ಕಾರ್ಯಕ್ರಮದ ಸೂತ್ರ ಸರಳ: ನಿರ್ಮಾಪಕನೇ ಪ್ರಸಾರ ಶುಲ್ಕ ಕಟ್ಟಬೇಕು, ಪ್ರತಿಯಾಗಿ ಕೆಲವು ಸೆಕೆಂಡುಗಳ ಜಾಹೀರಾತು ಸಮಯವನ್ನು ಪಡೆದು ಅದನ್ನು ತಾನೇ ಮಾರಿಕೊಳ್ಳಬೇಕು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ, ಆಮೇಲೆ ಸಾಲುಸಾಲಾಗಿ ಬಂದ ಖಾಸಗಿ ವಾಹಿನಿಗಳು ಕನ್ನಡದ ಪರದೆಯನ್ನು ದೊಡ್ಡದು ಮಾಡಿದವು. ಆದರೆ ಸಣ್ಣ ನಿರ್ಮಾಪಕನ ಪಾಲಿಗೆ ಸೂತ್ರ ಬದಲಾಗಲಿಲ್ಲ. ವಾರಾಂತ್ಯದ ಬೆಳಗಿನ ಅರ್ಧ ಗಂಟೆಯನ್ನು ಹಣ ಕೊಟ್ಟು ಕೊಳ್ಳುವುದು, ಕೊಟ್ಟ ಹಣವನ್ನು ಪ್ರಾಯೋಜಕನಿಂದ ಹೊರಡಿಸುವುದು, ಇಷ್ಟೇ ಅವನ ಮುಂದಿದ್ದ ದಾರಿ.

ವಾಹಿನಿಯೇ ಹಣ ಕೊಟ್ಟು ಮಾಡಿಸಿದರೆ ಆಗುವುದೇನು? ಹಕ್ಕುಸ್ವಾಮ್ಯ ಕಾಯ್ದೆ 1957ರ 17ನೇ ಪ್ರಕರಣದ ಪ್ರಕಾರ, ಬೇರೆಯವರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ಮಾಡಿದ ಚಲನಚಿತ್ರದ ಮೊದಲ ಒಡೆತನ, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರದ್ದೇ. ಬಿಸಿಲಲ್ಲಿ ಬೆಟ್ಟ ಹತ್ತಿದವನಿಗೆ ಒಂದು ಬಾರಿಯ ಕೂಲಿ. ಚಿತ್ರ ಮಾತ್ರ ವರ್ಷಾನುಗಟ್ಟಲೆ ಇನ್ನೊಬ್ಬರ ಖಜಾನೆಯಲ್ಲಿ ದುಡಿಯುತ್ತದೆ. ಭವಿಷ್ಯನಿಧಿಯಿಲ್ಲ, ವಿಮೆಯಿಲ್ಲ, ಕಾಲು ಮುರಿದರೆ ರಜೆಯೂ ಇಲ್ಲ.

ಯೂಟ್ಯೂಬ್ ಬಂದ ಮೇಲೆ ಸ್ವಾತಂತ್ರ್ಯ ಬಂತೆಂದು ಹೇಳುವವರಿದ್ದಾರೆ. ಅಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ ಕಿರುವಿಡಿಯೊಗಳಿಗೆ ಅಪಾರ ಸಂಖ್ಯೆಯ ನೋಟಗಳು ಬೇಕು. ಅದನ್ನು ದಾಟಿದವನಿಗೆ ದೀರ್ಘ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ. 55ರ ಪಾಲು. ಬೆಂಗಳೂರು ಹೊರವಲಯದ ಯುವಕ ಗಗನ್ ಶ್ರೀನಿವಾಸ್ 'ಡಾಕ್ಟರ್ ಬ್ರೋ' ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಜಗತ್ತನ್ನು ತೋರಿಸಿ ಮನೆಮಾತಾದದ್ದು ನಿಜ. ಅದು ಹೆಮ್ಮೆಯ ಸಂಗತಿಯೂ ಹೌದು. ಆದರೆ ಒಬ್ಬನ ಗೆಲುವು ವೃತ್ತಿಯ ನಿಯಮವಾಗುವುದಿಲ್ಲ. ನೆರೆಯ ಕೇರಳದ ಸಂತೋಷ್ ಜಾರ್ಜ್ ಕುಳಂಗರ ಅವರ ಉದಾಹರಣೆಯನ್ನೂ ಪದೇ ಪದೇ ಕೊಡಲಾಗುತ್ತದೆ. ಒಬ್ಬಂಟಿಯಾಗಿ ಕ್ಯಾಮೆರಾ ಹೊತ್ತು ದೇಶ ಸುತ್ತಿದ ಅವರ 'ಸಂಚಾರಂ' 2001ರಲ್ಲಿ ಏಷ್ಯಾನೆಟ್‌ನಲ್ಲಿ ಆರಂಭವಾಯಿತು. 2013ರಲ್ಲಿ ಅವರು ಸಫಾರಿ ಎಂಬ ವಾಹಿನಿಯನ್ನೇ ತೆರೆದರು. ಅವರ ಶ್ರಮ ಅಸಾಮಾನ್ಯ. ಆದರೆ ಅವರ ಬೆನ್ನ ಹಿಂದೆ ಕುಟುಂಬದ 'ಲೇಬರ್ ಇಂಡಿಯಾ' ಪ್ರಕಾಶನ ಸಂಸ್ಥೆಯಿತ್ತು ಎಂಬುದನ್ನು ಉದಾಹರಣೆ ಕೊಡುವವರು ಹೇಳುವುದಿಲ್ಲ. ಎರಡು ಎಕರೆ ಹಿಪ್ಪುನೇರಳೆ ತೋಟ ಮತ್ತು ಬತ್ತಿದ ಕೊಳವೆಬಾವಿ ಬೆನ್ನ ಹಿಂದಿರುವ ಹುಡುಗನ ಲೆಕ್ಕ ಬೇರೆಯೇ.

ಮಾರಲು ಉಳಿದದ್ದೇನು?

ಸಂಬಳವಿಲ್ಲದ, ಹಕ್ಕಿಲ್ಲದ, ಬಂಡವಾಳವಿಲ್ಲದ ನಿರ್ಮಾಪಕನ ಬಳಿ ಮಾರಲು ಉಳಿಯುವುದು ಒಂದೇ ವಸ್ತು: ತಾನು ಹೋಗಿ ನಿಂತ ಜಾಗ. ಆ ಜಾಗ ಅವನದ್ದಲ್ಲ ಎಂಬುದೇ ಇಡೀ ಪ್ರಶ್ನೆಯ ತಿರುಳು. ಅದನ್ನು ಕೊಳ್ಳುವವರು ಯಾರು? ರೆಸಾರ್ಟಿನ ಮಾಲೀಕ, ಬೆಟ್ಟದ ಬುಡದಲ್ಲಿ ಫಾರ್ಮ್‌ಹೌಸ್ ನಿವೇಶನ ಹಾಕಿದವನು, ಕಾರಿನ ಕಂಪನಿ, ಕೆಲವೊಮ್ಮೆ ಸ್ವತಃ ಪ್ರವಾಸೋದ್ಯಮ ಇಲಾಖೆ. ಕೊಳ್ಳುವವನ ಮರ್ಜಿಯಂತೆ ಚಿತ್ರದ ವ್ಯಾಕರಣ ಸಿದ್ಧವಾಗುತ್ತದೆ. 'ಯಾರೂ ಕಾಣದ ತಾಣ', 'ಬೆಂಗಳೂರಿನಿಂದ ಎರಡೇ ಗಂಟೆ', 'ವಾರಾಂತ್ಯಕ್ಕೆ ಹೇಳಿ ಮಾಡಿಸಿದ ಜಾಗ'. ಅನಾದಿಯಿಂದ ದನಕರು ಮೇಯಿಸಿದ, ಸೀತಾಫಲ ಕಿತ್ತ, ದೇವರಿಗೆ ದೀಪ ಹಚ್ಚಿದ ಜನರ ಕಣ್ಣೆದುರೇ ಅವರ ಬೆಟ್ಟ 'ಯಾರೂ ಕಾಣದ ತಾಣ'ವಾಗುತ್ತದೆ. ಹಾಗಾದರೆ ಆ ಜನರು 'ಯಾರೂ' ಎಂಬುದರಲ್ಲಿ ಸೇರಿಲ್ಲವೇ?

ಈ ವ್ಯಾಕರಣದಲ್ಲಿ ಸೇರದ ದೃಶ್ಯಗಳ ಪಟ್ಟಿ ದೊಡ್ಡದಿದೆ. ನಂದಿಬೆಟ್ಟದ ಮೇಲಿನ ಮೋಡದ ಸಾಗರ ನೂರು ಕಾರ್ಯಕ್ರಮಗಳಲ್ಲಿ ಬಂದಿದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಗಾರಿಕೆಗೆ ಸಂಬಂಧಿಸಿದ ಜಿಲೆಟಿನ್ ಕಡ್ಡಿಗಳು ಸ್ಫೋಟಗೊಂಡು ಆರು ಮಂದಿ ಛಿದ್ರವಾದರು. ಅದು ಸುದ್ದಿಯಾಯಿತು, ಆದರೆ ಪ್ರವಾಸ ಕಾರ್ಯಕ್ರಮದ ಪಾಲಿಗೆ ಆ ಕ್ವಾರಿಗಳು ಇಲ್ಲವೇ ಇಲ್ಲ. ಕ್ಯಾಮೆರಾದ ಚೌಕಟ್ಟನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಅವು ಮಾಯ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿಗಳ ತವರೆಂದು ಈ ಬೆಟ್ಟಸಾಲನ್ನು ನಿರೂಪಕನು ಕೊಂಡಾಡುತ್ತಾನೆ. ಆ ನದಿಗಳ ಪಾತ್ರದಲ್ಲಿ ವರ್ಷದ ಬಹುಕಾಲ ನೀರೇ ಇರುವುದಿಲ್ಲವೆಂದು, ಶಿಡ್ಲಘಟ್ಟ ತಾಲ್ಲೂಕು ಅಂತರ್ಜಲ ಅತಿಬಳಕೆಯ ವರ್ಗಕ್ಕೆ ಸೇರಿದೆಯೆಂದು, ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಮಾತ್ರ ಶುದ್ಧೀಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಡಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆಯೆಂದು ಅವನು ಹೇಳುವುದಿಲ್ಲ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಇದೇ ಸೀಮೆಯ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟು ಲಾಠಿಯೇಟು ತಿಂದದ್ದು ಕೂಡ ಒಂದು ಪ್ರಯಾಣವೇ ಆಗಿತ್ತು. ಯಾವ ಪ್ರವಾಸ ಕಾರ್ಯಕ್ರಮಕ್ಕೂ ಅದು ಬೇಕಾಗಲಿಲ್ಲ.

ಕ್ಯಾಮೆರಾ ಹೋದ ಮೇಲೆ

ಕಾರ್ಯಕ್ರಮ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದರ ಬಾಲ ಮಾತ್ರ ಬೆಟ್ಟದಲ್ಲೇ ಉಳಿಯುತ್ತದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದು, ಡಿಸೆಂಬರ್ ಬರುವವರೆಗೂ ಪ್ರವಾಸಿಗರಿಗೆ ಬಾಗಿಲು ಮುಚ್ಚಬೇಕಾಯಿತು. ಬೆಟ್ಟ ಕೊಟ್ಟ ಆ ಎಚ್ಚರಿಕೆಯ ಎರಡೇ ವರ್ಷದೊಳಗೆ, 2023ರ ಮಾರ್ಚ್‌ನಲ್ಲಿ, ಅದೇ ಬೆಟ್ಟಕ್ಕೆ ಸುಮಾರು 3 ಕಿ.ಮೀ. ಉದ್ದದ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ಅದೇ ವರ್ಷದ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ, ನಂದಿ ಬೆಟ್ಟಸಾಲಿನ ಪರಿಸರದ ಬಗ್ಗೆ ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ಇದ್ದಾಗಲೇ, ಅನಾವರಣಗೊಂಡಿತ್ತು. ಇವೆಲ್ಲವನ್ನೂ ಸ್ವತಂತ್ರ ನಿರ್ಮಾಪಕನೇ ತಂದನೆಂದು ಯಾರೂ ಹೇಳಲಾರರು. ಆದರೆ ಬೆಟ್ಟವೆಂದರೆ ನೋಡಿ ಹೋಗುವ ವಸ್ತು ಎಂಬ ಮನೋಭಾವವನ್ನು ವಾರವಾರವೂ ಮನೆಮನೆಗೆ ಬಿತ್ತಿದವನು ಅವನು. ಬಿತ್ತನೆ ಅವನದ್ದು, ಬೆಳೆ ಗುತ್ತಿಗೆದಾರನದ್ದು.

ಮಲೆನಾಡಿನಲ್ಲೂ ಇದೇ ಕಥೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ದೃಶ್ಯ ಎಲ್ಲೆಡೆ ಹರಡಿದಾಗ, ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಮೊದಲು ಪ್ರಚಾರ, ಆಮೇಲೆ ನೂಕುನುಗ್ಗಲು, ಕೊನೆಗೆ ನಿಷೇಧ. ಪ್ರಚಾರದ ಲಾಭ ಒಬ್ಬರಿಗೆ. ನಿಷೇಧದ ಹೊರೆ ದನ ಮೇಯಿಸುವವನಿಗೂ ಸೌದೆ ತರುವವಳಿಗೂ.

ಬಯಲುಸೀಮೆಯ ಕಲ್ಲುಬೆಟ್ಟ ಬರಡು ನೆಲವೆಂಬ ಭ್ರಮೆ ಬೇರೆ ಇದೆ. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಜಗತ್ತಿನಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಿ ಮಾತ್ರ ಬದುಕುತ್ತದೆ. ಅಪಾಯದ ಅಂಚಿನಲ್ಲಿರುವ ಅದಕ್ಕೆ ನಂದಿಬೆಟ್ಟವೂ ಒಂದು ನೆಲೆ. 'ಹೊಸ ದಾರಿ' ತೋರಿಸಲೆಂದು ಪೊದೆ ಕಡಿದು ಬಂಡೆಯೇರುವವನಿಗೆ, ಗೂಡಿನ ಮೇಲೆ ಡ್ರೋನ್ ಹಾರಿಸುವವನಿಗೆ ಅದು ತಿಳಿದಿರುವುದಿಲ್ಲ.

ಹಳ್ಳಿಯೊಳಗಿನ ಹಾನಿ ಇನ್ನೂ ಸೂಕ್ಷ್ಮ. 'ಗ್ರಾಮೀಣ ಬದುಕು' ತೋರಿಸಲು ಬಂದವರ ಕಣ್ಣು ಮೊದಲು ಬೀಳುವುದು ಹುಳು ಸಾಕುವ ಮನೆಯ ಮೇಲೆ. ರೇಷ್ಮೆ ಬಲ್ಲ ಯಾವ ಮನೆಯಲ್ಲೂ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೂ ಬಾಗಿಲಲ್ಲಿ ಕೈಕಾಲು ತೊಳೆಸಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ತುಳಿಸಿ ಬಿಡುತ್ತಾರೆ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟುಗಳ ಸೋಂಕು ಕೈ, ಕಾಲು, ಸಲಕರಣೆಗಳ ಮೂಲಕವೂ ಬರುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಹುಳು ತನ್ನ ಜೀವಮಾನದ ಸೊಪ್ಪಿನ ಬಹುಪಾಲನ್ನು ತಿನ್ನುವ ಹೊತ್ತದು. ರೈತನ ಖರ್ಚೂ ಅಷ್ಟರಲ್ಲಿ ಬಹುಪಾಲು ಆಗಿಹೋಗಿರುತ್ತದೆ. ಅಂಥ ಹೊತ್ತಿನಲ್ಲಿ ನಾಲ್ಕು ಹಳ್ಳಿ ಸುತ್ತಿ ಬಂದ ತಂಡವೊಂದು ಪ್ರಖರ ದೀಪ ಹಿಡಿದು ತಟ್ಟೆಗಳ ನಡುವೆ ಓಡಾಡಿದರೆ ಮುಂದಿನದಕ್ಕೆ ಯಾರು ಹೊಣೆ? ಬೆಳೆ ಹೋದರೆ ನಷ್ಟ ರೈತನದ್ದು. ದೃಶ್ಯ ಚೆನ್ನಾಗಿ ಬಂದರೆ ಹೆಸರು ನಿರ್ಮಾಪಕನದ್ದು.

ಒಂದು ವಾದಕ್ಕೆ ಉತ್ತರ

ಇಷ್ಟಕ್ಕೆ ಸಿದ್ಧ ಉತ್ತರವೊಂದಿದೆ. ಪ್ರವಾಸಿಗರು ಬಂದರೆ ಹಳ್ಳಿಗೆ ದುಡ್ಡು ಬರುವುದಿಲ್ಲವೇ, ಹುಡುಗರಿಗೆ ಕೆಲಸ ಸಿಗುವುದಿಲ್ಲವೇ ಎಂದು. ಈ ವಾದದಲ್ಲಿ ಸತ್ಯದ ಅಂಶವಿದೆ. ಜೋಳ ಸುಟ್ಟು ಮಾರುವವಳಿಗೆ, ಆಟೋ ಓಡಿಸುವವನಿಗೆ ಭಾನುವಾರದ ಸಂಪಾದನೆ ಹಗುರವಾದದ್ದಲ್ಲ. ಆದರೆ ಬೆಟ್ಟದ ಬುಡದ ಜಮೀನನ್ನು ಕೊಂಡವರು ಯಾರು, ಅಲ್ಲಿ ಕೊಳವೆಬಾವಿ ಕೊರೆದವರು ಯಾರು, ಮಾರಿದವನ ಮಗ ಅದೇ ಗೇಟಿನಲ್ಲಿ ಕಾವಲುಗಾರನಾಗಿ ನಿಂತದ್ದು ಹೇಗೆ ಎಂಬ ಪ್ರಶ್ನೆಗಳನ್ನು ಆ ವಾದ ಮುಟ್ಟುವುದೇ ಇಲ್ಲ. ಜೋಳದ ತೆನೆಯನ್ನು ತೋರಿಸಿ ಜಮೀನನ್ನು ಮರೆಸುವುದು ಅದರ ಚಾತುರ್ಯ. ಹಾಗೂ ಉಪಕಾರವೇ ಆಗುವುದಾದರೆ ಅದನ್ನು ಹಳ್ಳಿಯನ್ನು ಕೇಳಿ ಮಾಡಲು ಅಡ್ಡಿಯೇನು?

ಬಿತ್ತನೆಯಿಂದ ಕಲಿಯಬೇಕಾದ ಪಾಠ

ಕೃಷಿಯಲ್ಲಿ ಈ ಜಗಳ ಹಿಂದೆಯೇ ನಡೆದಿದೆ. ರೈತರು ತಲೆತಲಾಂತರದಿಂದ ಆಯ್ದು ಉಳಿಸಿದ ತಳಿಯನ್ನು ಯಾರೋ ಒಯ್ದು, ಹೆಸರಿಟ್ಟು, ಮಾರಿ ಲಾಭ ಮಾಡಿಕೊಳ್ಳುತ್ತಿದ್ದ ಕಾಲವಿತ್ತು. ಬಿತ್ತನೆಯನ್ನು ಯಾರೂ ಕದ್ದಿಲ್ಲ, ಅದು ಎಲ್ಲರದ್ದು ಎಂದೇ ಆಗಲೂ ಹೇಳಲಾಗುತ್ತಿತ್ತು. ದೀರ್ಘ ಹೋರಾಟದ ಬಳಿಕ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001, ಜೀವವೈವಿಧ್ಯ ಕಾಯ್ದೆ 2002 ಬಂದವು. ತಳಿ ಉಳಿಸಿದ ಸಮುದಾಯಕ್ಕೆ ಲಾಭದಲ್ಲಿ ಪಾಲಿದೆ ಎಂಬ ತತ್ವವನ್ನು ಅವು ಒಪ್ಪಿದವು. ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕೆಂದೂ ನಿಯಮವಾಯಿತು. ಜಾರಿಯಲ್ಲಿ ನೂರು ಲೋಪಗಳಿವೆ, 2023ರ ತಿದ್ದುಪಡಿ ಕಾಯ್ದೆಯನ್ನು ಇನ್ನಷ್ಟು ಸಡಿಲಿಸಿದೆ. ಆದರೂ ತತ್ವ ನಿಂತಿದೆ. ಬೆಟ್ಟದ ಚಿತ್ರಕ್ಕೆ ಈ ಕಾಯ್ದೆಗಳು ಅನ್ವಯಿಸುವುದಿಲ್ಲ ನಿಜ. ಆದರೆ ನ್ಯಾಯ ಬೇರೆಯಾಗುವುದಿಲ್ಲ. ಕೆರೆಯ ಏರಿ ಸುಂದರವಾಗಿ ಕಾಣುವುದು ಅದನ್ನು ಯಾರೋ ಕಟ್ಟಿ, ಹೂಳೆತ್ತಿ, ಉಳಿಸಿದ್ದರಿಂದ. ಬೆಟ್ಟ ಹಸಿರಾಗಿರುವುದು ಅದಕ್ಕೆ ಯಾರೋ ಬೆಂಕಿ ಬೀಳದಂತೆ ಕಾದದ್ದರಿಂದ.

ಸಾರ್ವಜನಿಕ ಕಾಡಿನ ಚಿತ್ರ ಯಾರದ್ದು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ರಾಜ್ಯ ಅರಣ್ಯ ಇಲಾಖೆಯೊಂದಿಗಿನ ಒಪ್ಪಂದದಡಿ ಚಿತ್ರೀಕರಿಸಲಾದ 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಒಪ್ಪಂದಕ್ಕೆ ವಿರುದ್ಧವಾಗಿ ಅದರ ವಾಣಿಜ್ಯ ಬಳಕೆಯಾಗುತ್ತಿದೆ ಎಂದು ಆಕ್ಷೇಪಿಸಿ ಸಲ್ಲಿಸಿದ ಅರ್ಜಿಯ ಮೇಲೆ 2021ರ ಜೂನ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಪ್ರಸಾರಕ್ಕೆ ಮಧ್ಯಂತರ ತಡೆ ನೀಡಿತು. ಸರಿತಪ್ಪುಗಳ ತೀರ್ಮಾನ ನ್ಯಾಯಾಲಯದ್ದು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಲಿಖಿತ ಒಪ್ಪಂದವಿದ್ದುದರಿಂದಲೇ ಪ್ರಶ್ನಿಸಲು ಆಧಾರವಿತ್ತು. ಅರಣ್ಯ ಇಲಾಖೆಗೆ ಒಪ್ಪಂದ ಬೇಕಾಗುವುದಾದರೆ ಗ್ರಾಮಕ್ಕೇಕೆ ಬೇಡ?

ಮಾಡಬೇಕಾದದ್ದು

ಗ್ರಾಮಸಭೆ ಒಂದು ನಿರ್ಣಯ ಕೈಗೊಳ್ಳಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ದಿಬ್ಬೂರಹಳ್ಳಿಯಂಥ ಪ್ರತಿಯೊಂದು ಪಂಚಾಯಿತಿಯೂ ಮುಂದಿನ ಗ್ರಾಮಸಭೆಯಲ್ಲಿ ಈ ಕೆಳಗಿನವನ್ನು ತೀರ್ಮಾನಿಸಲಿ.

1. ಹಣಕ್ಕಾಗಿ ಚಿತ್ರೀಕರಿಸುವವರು ಪಂಚಾಯಿತಿಗೆ ಮುಂಚಿತವಾಗಿ ಬರೆದು ತಿಳಿಸಬೇಕು. ಪ್ರಾಯೋಜಕ ಯಾರೆಂದು ಹೇಳಬೇಕು.

2. ಮನೆಯೊಳಗೆ, ದೇವರಗುಡಿಯೊಳಗೆ, ಹೆಂಗಸರು ಮತ್ತು ಮಕ್ಕಳನ್ನು ಚಿತ್ರೀಕರಿಸಲು ಆಯಾ ಮನೆಯವರ ಒಪ್ಪಿಗೆ ಬೇಕು. ಹುಳು ಸಾಕುವ ಮನೆಗೆ ಪ್ರವೇಶವಿಲ್ಲ.

3. ದಾರಿ ತೋರಿದವನಿಗೆ, ಅಡುಗೆ ಮಾಡಿದವಳಿಗೆ, ಕಥೆ ಹೇಳಿದ ಹಿರಿಯರಿಗೆ ದಿನದ ಕೂಲಿ ಮತ್ತು ಪರದೆಯ ಮೇಲೆ ಹೆಸರು ಸಲ್ಲಬೇಕು.

4. ಜನಸಂದಣಿ ತಾಳಲಾರದ ಗುಡ್ಡ, ನೀರಿನ ಮೂಲ ಮತ್ತು ಹಕ್ಕಿಗಳ ನೆಲೆಗಳ ಹೆಸರು, ದಾರಿ ಹೇಳಕೂಡದು.

5. ಸಿದ್ಧ ಕಾರ್ಯಕ್ರಮದ ಒಂದು ಪ್ರತಿ ಊರಿನ ಶಾಲೆಗೆ ಬರಬೇಕು.

ಪ್ರಾಯೋಜಕನ ಹೆಸರನ್ನು ಮುಚ್ಚಿಡುವುದು ಈಗ ಕಾನೂನಿನ ದೃಷ್ಟಿಯಲ್ಲೂ ತಪ್ಪೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ 2022ರಲ್ಲಿ ಹೊರಬಂದ ಮಾರ್ಗಸೂಚಿಗಳ ಪ್ರಕಾರ, ಹೊಗಳುವವನಿಗೂ ಹೊಗಳಿಸಿಕೊಂಡವನಿಗೂ ಇರುವ ಹಣದ ಸಂಬಂಧವನ್ನು ವೀಕ್ಷಕರಿಗೆ ತಿಳಿಸಬೇಕು. ಪರದೆಯಲ್ಲಿ ತನ್ನೂರಿನ ರೆಸಾರ್ಟನ್ನು ಕಂಡ ವಿದ್ಯಾರ್ಥಿ ಈ ಪ್ರಶ್ನೆಯನ್ನು ಧೈರ್ಯವಾಗಿ ಕೇಳಬಹುದು.

ಇನ್ನು, ಈ ವೃತ್ತಿಯನ್ನೇ ಹಿಡಿಯಬಯಸುವ ಹುಡುಗ ಹುಡುಗಿಯರ ಮಾತು. ಅವರು ಕ್ಯಾಮೆರಾ ಕೆಳಗಿಡಬೇಕಿಲ್ಲ. ಅದನ್ನು ತಮ್ಮ ಊರಿನ ಕಡೆಯಿಂದ ಹಿಡಿಯಬೇಕು. ಹೊನ್ನಾವರದ ಕೃಷ್ಣಾನಂದ ಕಾಮತರು ವಿಜ್ಞಾನಿಯಾಗಿದ್ದೂ ಕ್ಯಾಮೆರಾ ಮತ್ತು ಲೇಖನಿ ಹಿಡಿದು ಗಿಡಮರ, ಕೀಟ, ಜನಜೀವನಗಳನ್ನು ಕನ್ನಡಿಗರಿಗೆ ತೋರಿಸಿದರು. ಅವರ ಬರಹದಲ್ಲಿ ಜನರು ಹಿನ್ನೆಲೆಯ ಅಲಂಕಾರವಾಗಲಿಲ್ಲ. ತೊಂಬತ್ತರ ದಶಕದಲ್ಲಿ ದೂರದರ್ಶನದ 'ಸುರಭಿ' ಕುಶಲಕರ್ಮಿಗಳನ್ನೂ ಕಲಾವಿದರನ್ನೂ ದೇಶದ ಮುಂದೆ ನಿಲ್ಲಿಸಿತು. ಅದರ ಪ್ರಾಯೋಜಕ ಅಮುಲ್, ಅಂದರೆ ಹಾಲು ಉತ್ಪಾದಕರ ಸಹಕಾರಿ ಸಂಘಟನೆ. ಹಣ ಎಲ್ಲಿಂದ ಬಂತೆಂಬುದಕ್ಕೂ ಪರದೆಯಲ್ಲಿ ಯಾರು ಕಂಡರೆಂಬುದಕ್ಕೂ ನಂಟಿದೆ. ಹಾಲಿನ ಸಹಕಾರ ಸಂಘಗಳೂ ರೇಷ್ಮೆ ಬೆಳೆಗಾರರ ಸಂಘಟನೆಗಳೂ ಇರುವ ಈ ಜಿಲ್ಲೆಯಲ್ಲಿ ಅಂಥ ಪ್ರಾಯೋಜಕತ್ವವನ್ನು ಕೇಳುವುದು ಅಸಾಧ್ಯವಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹಕ್ಕು ಯಾರದ್ದೆಂಬ ಸಾಲನ್ನು ಓದಲಿ. ಮೂಲ ದೃಶ್ಯಗಳ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳಲಿ. ಒಂದೇ ಊರನ್ನು ಒಂದು ವರ್ಷ ನೋಡಲಿ: ಮುಂಗಾರು ಬಿತ್ತನೆಯಲ್ಲಿ, ಕೆರೆ ಬತ್ತಿದಾಗ, ಟ್ಯಾಂಕರ್ ಬರುವ ದಿನ, ಗೂಡಿನ ಬೆಲೆ ಬಿದ್ದ ದಿನ. ಹೊರಗಿನಿಂದ ಎರಡು ದಿನಕ್ಕೆ ಬಂದವನು ಎಂದೂ ತೆಗೆಯಲಾರದ ಚಿತ್ರ ಅದು. ಈ ಸೀಮೆಯ ಮಕ್ಕಳಿಗೆ ಇರುವ ಬಂಡವಾಳವೂ ಅದೊಂದೇ.

ಗೂಡಿನ ವ್ಯಾಪಾರ ಬಹಿರಂಗ ಹರಾಜಿಗೆ ಬಂದದ್ದು ಯಾರೋ ದಯೆ ತೋರಿದ್ದರಿಂದಲ್ಲ. ಬೆಳೆದವನಿಗೆ ಬೆಲೆ ಕೇಳುವ ಹಕ್ಕಿದೆ ಎಂಬುದನ್ನು ಒಪ್ಪಿಸಬೇಕಾಯಿತು. ಬೆಟ್ಟವನ್ನು ಕಾದವರಿಗೂ ಆ ಹಕ್ಕಿದೆ. ಮುಂದಿನ ಸಲ ಕ್ಯಾಮೆರಾ ಹೊತ್ತ ಕಾರು ಊರ ಬಾಗಿಲಿಗೆ ಬಂದಾಗ ದಾರಿ ತೋರಿಸುವ ಮುನ್ನ ಊರು ಮೂರು ಪ್ರಶ್ನೆ ಕೇಳಲಿ: ಯಾರ ಹಣ, ಯಾರ ಹಕ್ಕು, ಯಾರಿಗೆ ಪಾಲು? ಉತ್ತರ ಕೊಟ್ಟವರಿಗೆ ನೀರು, ನೆರಳು, ಮುದ್ದೆ ಎಂದಿನಂತೆ ಇದ್ದೇ ಇದೆ. ಉತ್ತರವಿಲ್ಲದವರ ಕಾರು ಬಂದ ದಾರಿಯಲ್ಲೇ ತಿರುಗಲಿ.